ತಂದೆಯ ಉದ್ಯೋಗ: ಪಂಕ್ಚರ್

ಶಾಲೆಯ ಅರ್ಜಿಗಳಲ್ಲಿ ‘ತಂದೆಯ ಉದ್ಯೋಗ’ ಎಂಬ ಕಲಮೊಂದು ಇರುತ್ತಿತ್ತು. ನಾವು ಮೂವರು ಅಣ್ಣತಮ್ಮಂದಿರು ಪ್ರೈಮರಿ ಶಾಲೆಯಿಂದ ಕಾಲೇಜು ಮುಗಿಯುವ ತನಕ ಆ ಕಲಮಿನಲ್ಲಿ ಬರೆದದ್ದು ಒಂದೇ ಮಾತು: ವ್ಯಾಪಾರ. ನಮ್ಮ ಅಬ್ಬಾ ಏನನ್ನೂ ಮಾರುತ್ತಿರಲಿಲ್ಲ. ಊರ ಬಸ್‌ಸ್ಟ್ಯಾಂಡಿನ ಪಕ್ಕ ಬೇವಿನ ಮರದ ಕೆಳಗೆ ನಾಲ್ಕು ತಗಡು ಹೊದಿಸಿಕೊಂಡು ಸೈಕಲ್ಲು, ಲೂನಾ, ಟಯರುಗಾಡಿ, ಟ್ರ್ಯಾಕ್ಟರುಗಳಿಗೆ ಪಂಕ್ಚರ್ ಹಾಕುತ್ತಿದ್ದರು. ಅರ್ಜಿಯನ್ನು ಮುಂದೆ ಹಿಡಿದರೆ ಕೈಯನ್ನು ಲುಂಗಿಗೆ ಒರೆಸಿಕೊಂಡು, ನಾವು ಬರೆದ ಸುಳ್ಳಿನ ಕೆಳಗೆ ಉರ್ದುವಿನಲ್ಲಿ ಸಹಿ ಮಾಡುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಒಮ್ಮೆ ಮಾತ್ರ, ‘ನನ್ನ ಕೆಲಸ ಏನೂಂತ ಬರೆದಿದ್ದೀಯ?’ ಎಂದು ನಮ್ಮ ದೊಡ್ಡಣ್ಣನನ್ನು ಕೇಳಿದರು. ‘ಬಿಜಿನೆಸ್’ ಎಂದ ಅಣ್ಣ. ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ನೀರಿನ ಬಾಂಡ್ಲಿಯತ್ತ ತಿರುಗಿದರು.

ಆ ಮೌನಕ್ಕೆ ನಾವಿನ್ನೂ ಉತ್ತರ ಕೊಟ್ಟಿಲ್ಲ. ಈ ಬರಹ ಆ ಬಾಕಿಯ ಒಂದು ಕಂತು.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಪರವಾಗಿ ಬೆಂಗಳೂರಿನ ಪುರಭವನದ ಬಳಿ ನಡೆದ ಸಭೆಯಲ್ಲಿ ಸಂಸದರೊಬ್ಬರು, ಈ ಕಾಯ್ದೆಯನ್ನು ವಿರೋಧಿಸುತ್ತಿರುವವರು ಎದೆ ಸೀಳಿದರೆ ಎರಡಕ್ಷರ ಸಿಗದವರು, ಪಂಕ್ಚರ್ ಅಂಗಡಿಯವರು ಎಂಬರ್ಥದ ಮಾತಾಡಿದರು. ಜನ ಚಪ್ಪಾಳೆ ತಟ್ಟಿದರು. 2025ರ ಏಪ್ರಿಲ್‌ನಲ್ಲಿ ಹರಿಯಾಣದ ಹಿಸಾರ್‌ನಲ್ಲಿ ಪ್ರಧಾನಮಂತ್ರಿಯವರು ವಕ್ಫ್ ಕುರಿತು ಮಾತಾಡುತ್ತ, ಆ ಆಸ್ತಿಗಳನ್ನು ಪ್ರಾಮಾಣಿಕವಾಗಿ ಬಳಸಿದ್ದರೆ ಮುಸ್ಲಿಂ ಯುವಕರು ಪಂಕ್ಚರ್ ಹಾಕಿಕೊಂಡು ಬದುಕಬೇಕಾಗಿರಲಿಲ್ಲ ಎಂದರು. ಮೊದಲನೆಯದು ಬೈಗುಳ. ಎರಡನೆಯದು ಮರುಕ. ಆದರೆ ಎರಡರ ಬೇರು ಒಂದೇ. ಪಂಕ್ಚರ್ ಹಾಕುವುದೆಂದರೆ ಮನುಷ್ಯ ಇಳಿಯಬಹುದಾದ ಕೊನೆಯ ಮೆಟ್ಟಿಲು ಎಂಬ ನಂಬಿಕೆ ಅದು. ಬೈಯುವವರು ಆ ಮೆಟ್ಟಿಲಿನ ಮೇಲೆ ನಿಂತವನನ್ನು ಒದೆಯುತ್ತಾರೆ, ಮರುಗುವವರು ಅವನ ತಲೆ ಸವರುತ್ತಾರೆ. ಅವನ ಕೈಯಲ್ಲಿರುವ ಕೆಲಸವನ್ನು ಮಾತ್ರ ಇಬ್ಬರೂ ನೋಡುವುದಿಲ್ಲ.

ಅವರ ಮಾತು ಹಾಗಿರಲಿ. ನಾವು ಕೊಟ್ಟ ಉತ್ತರವೇನು? ಎರಡೂ ಸಲ ನಮ್ಮ ಪೈಕಿಯ ವಿದ್ಯಾವಂತರು ಪಟ್ಟಿ ಹಿಡಿದುಕೊಂಡು ಓಡಾಡಿದರು. ನಮ್ಮಲ್ಲಿ ಡಾಕ್ಟರುಗಳಿದ್ದಾರೆ, ಎಂಜಿನಿಯರುಗಳಿದ್ದಾರೆ, ಐಎಎಸ್ ಅಧಿಕಾರಿಗಳಿದ್ದಾರೆ, ರಾಷ್ಟ್ರಪತಿಯಾದ ಅಬ್ದುಲ್ ಕಲಾಂ ಇದ್ದಾರೆ. ಮೊಬೈಲಿನಿಂದ ಮೊಬೈಲಿಗೆ ಈ ಪಟ್ಟಿ ಹಾರಾಡಿತು. ನಾವೂ ಅದನ್ನು ನಾಲ್ಕು ಜನಕ್ಕೆ ಕಳಿಸಿದೆವು. ಕಳಿಸಿದ ಮೇಲೆ ಹೊಳೆಯಿತು, ನಾವು ಮಾಡಿದ್ದು ಮತ್ತದೇ ‘ವ್ಯಾಪಾರ’. ‘ನಾವು ಪಂಕ್ಚರ್‌ನವರಲ್ಲ’ ಎಂದು ವಾದಿಸುವವನು ಪಂಕ್ಚರ್‌ನವನಾಗಿರುವುದು ಅವಮಾನ ಎಂದು ಮೊದಲೇ ಒಪ್ಪಿಕೊಂಡಿರುತ್ತಾನೆ. ಎದುರಾಳಿಗೆ ಬೇಕಾದದ್ದೂ ಅಷ್ಟೇ. ನಾವು ಮುಂದಿಟ್ಟ ಕಲಾಂ ಅವರಾದರೂ ಯಾರು? ರಾಮೇಶ್ವರದಲ್ಲಿ ದೋಣಿ ನಂಬಿ ಬದುಕಿದ ಮನೆಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಬೀದಿಬೀದಿಗೆ ಪತ್ರಿಕೆ ಹಾಕಿದವರು. ತಮ್ಮ ಆತ್ಮಕತೆಯಲ್ಲಿ ಅದನ್ನು ಅವರು ಮುಚ್ಚಿಡಲಿಲ್ಲ. ಮುಚ್ಚಿಡುವ ಕೆಲಸವನ್ನು ಅವರ ಹೆಸರು ಹೇಳುವ ನಾವು ಮಾಡುತ್ತಿದ್ದೇವೆ.

ಹಾಗಾಗಿ ಮೊದಲು ಆ ಕೆಲಸ ಏನೆಂದು ನೋಡೋಣ.

ಟ್ಯೂಬಿನ ಕಾಲದ ಪಂಕ್ಚರ್ ಐದು ನಿಮಿಷದ ಕೆಲಸವಲ್ಲ. ಎರಡು ಲಿವರುಗಳಿಂದ ಟಯರಿನ ಅಂಚನ್ನು ರಿಮ್ಮಿನಿಂದ ಎಬ್ಬಿಸಬೇಕು. ಬಲ ಹೆಚ್ಚಾದರೆ ಲಿವರಿನ ತುದಿಯೇ ಟ್ಯೂಬನ್ನು ಕಚ್ಚಿ ಹೊಸ ತೂತು ಮಾಡುತ್ತದೆ. ಟ್ಯೂಬು ಹೊರಗೆಳೆದು ಗಾಳಿ ತುಂಬಿ ಬಾಂಡ್ಲಿಯ ನೀರಿನಲ್ಲಿ ತುಂಡುತುಂಡಾಗಿ ಮುಳುಗಿಸುತ್ತ ಹೋಗಬೇಕು. ಗುಳ್ಳೆ ಎದ್ದಲ್ಲಿ ಗುರುತು. ಒಂದು ಗುಳ್ಳೆ ಸಿಕ್ಕಿತೆಂದು ನಿಲ್ಲಿಸುವಂತಿಲ್ಲ, ಸುತ್ತು ಪೂರ್ತಿಯಾಗಬೇಕು, ಮೊಳೆ ಒಂದೇ ಆದರೂ ತೂತು ಎರಡಿರಬಹುದು. ಆಮೇಲೆ ಒರೆಸಿ, ಒಣಗಿಸಿ, ಅರದಿಂದಲೋ ಉಪ್ಪುಕಾಗದದಿಂದಲೋ ಉಜ್ಜಿ, ಸೊಲ್ಯೂಷನ್ ಹಚ್ಚಬೇಕು. ಹಚ್ಚಿದ ಕೂಡಲೇ ಪ್ಯಾಚು ಅಂಟಿಸುವವನು ಕೆಲಸ ಕಲಿಯದವನು. ಸೊಲ್ಯೂಷನ್ ಹೊಳಪು ಕಳೆದುಕೊಂಡು ಬೆರಳಿಗೆ ಅಂಟೂ ಅಂಟದ ಹದಕ್ಕೆ ಬರುವ ತನಕ ಕಾಯಬೇಕು. ಗಿರಾಕಿ ಅವಸರ ಮಾಡುತ್ತಾನೆ, ಹೊತ್ತು ಮುಳುಗುತ್ತಿರುತ್ತದೆ, ಆದರೂ ಕಾಯಬೇಕು.

ಇಷ್ಟಾದ ಮೇಲೆ ಇನ್ನೊಂದು ಕೆಲಸವಿದೆ. ಯಾರೂ ನೋಡದ, ಯಾರೂ ಕಾಸು ಕೊಡದ ಕೆಲಸ. ಖಾಲಿ ಟಯರಿನ ಒಳಗೆ ಬೆರಳಾಡಿಸಿ ಮೊಳೆಯನ್ನು ಹುಡುಕುವುದು. ಮೊಳೆ ಒಳಗೇ ಉಳಿದಿದ್ದರೆ ಹಾಕಿದ ಪ್ಯಾಚು ಎಷ್ಟು ಗಟ್ಟಿಯಾಗಿದ್ದರೂ ಎರಡು ಮೈಲಿಯಾಚೆ ಟ್ಯೂಬು ಮತ್ತೆ ತೂತು. ಅಬ್ಬಾ ಎಂದೂ ಈ ಸುತ್ತನ್ನು ಬಿಟ್ಟವರಲ್ಲ. ಅವರ ಬಲಗೈ ಬೆರಳ ತುದಿಗಳಲ್ಲಿ ಗಾಯವಿಲ್ಲದ ದಿನ ನಮಗೆ ನೆನಪಿಲ್ಲ. ಊಟಕ್ಕೆ ಕೂತಾಗ ಸಾರು ತಾಗಿ ಉರಿಯುತ್ತಿತ್ತು. ಅಮ್ಮಿ ಬೈಯುತ್ತಿದ್ದರು, ‘ಬಟ್ಟೆ ಸುತ್ತಿಕೊಂಡು ಹುಡುಕಬಾರದಾ?’ ‘ಬಟ್ಟೆಗೆ ಮೊಳೆ ಗೊತ್ತಾಗಲ್ಲ’ ಎನ್ನುತ್ತಿದ್ದರು.

ಒಂದು ರಾತ್ರಿಯ ನೆನಪಿದೆ. ಹನ್ನೊಂದು ದಾಟಿತ್ತು. ಹಳ್ಳಿಗಳಿಂದ ಹಾಲು ತರುತ್ತಿದ್ದ ವ್ಯಾನಿನವನು ಮನೆ ಬಾಗಿಲು ಬಡಿದ. ‘ಸಾಬರೇ, ಮುಂದಿನ ಚಕ್ರ ಕೂತುಬಿಟ್ಟಿದೆ. ಸ್ಟೆಪ್ನಿಯೂ ಇಲ್ಲ. ಹಾಲು ಒಡೆದುಹೋಗುತ್ತೆ.’ ಅಬ್ಬಾ ಎದ್ದು ಹೋದರು. ಚಿಮಣಿ ಹಿಡಿಯಲು ನಮ್ಮಲ್ಲಿ ಇಬ್ಬರು ಹಿಂದೆ ಹೋದೆವು. ಕೆಲಸ ಮುಗಿದು ವ್ಯಾನು ಹೊರಟಾಗ ಒಂದು ಗಂಟೆ. ಮರುದಿನ ಸಂಜೆ ಅಬ್ಬಾ ಮನೆಗೆ ಬಂದವರೇ ಅಮ್ಮಿಗೆ ಹೇಳಿದ್ದು ಎರಡೇ ಮಾತು. ‘ಹಾಲು ಒಡೆಯಲಿಲ್ಲವಂತೆ.’ ಆ ಮುಖದಲ್ಲಿದ್ದದ್ದನ್ನು ಆಗ ನಾವು ಓದಲಾರದೆ ಹೋದೆವು. ಇವತ್ತು ಕೆಲಸದಲ್ಲಿ ಅರ್ಥ ಕಂಡುಕೊಳ್ಳುವುದು ಹೇಗೆಂದು ಯಾರಾದರೂ ಕೇಳಿದರೆ ನಮಗೆ ಬೇರೆ ಗ್ರಂಥ ಗೊತ್ತಿಲ್ಲ. ಎಷ್ಟೋ ಮನೆಗಳ ದುಡಿಮೆ ಆ ಕ್ಯಾನುಗಳಲ್ಲಿತ್ತು, ಅದು ಕೆಡಲಿಲ್ಲ, ಅದಕ್ಕೆ ತನ್ನ ಎರಡು ಕೈಗಳು ಕಾರಣ ಎಂದು ತಿಳಿದಿರುವುದು. ಅಷ್ಟೇ.

ಈ ಕೆಲಸವನ್ನು ಕೀಳೆನ್ನುವವರಿಗೆ ಒಂದು ಚರಿತ್ರೆಯೂ ಗೊತ್ತಿರಲಿ. ಗಾಳಿ ತುಂಬಿದ ಟಯರನ್ನು 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಬಳಕೆಗೆ ತಂದ ಡನ್‌ಲಪ್ ಒಬ್ಬ ಪಶುವೈದ್ಯ. ಮಗನ ಮೂರು ಗಾಲಿಯ ಸೈಕಲ್ಲು ಕುಲುಕದೆ ಓಡಲೆಂದು ಅವನು ಶುರುಮಾಡಿದ ಪ್ರಯೋಗವದು. ಆದರೆ ಆ ಟಯರನ್ನು ರಿಮ್ಮಿಗೆ ಅಂಟಿಸಿರುತ್ತಿದ್ದರು. ಫ್ರಾನ್ಸಿನ ಕ್ಲೆರ್ಮೋನ್ ಫೆರಾನ್‌ನಲ್ಲಿ ರಬ್ಬರ್ ಸಾಮಾನು ಮಾಡುತ್ತಿದ್ದ ಮಿಶೆಲಿನ್ ಸಹೋದರರ ಕಾರಖಾನೆಗೆ 1889ರಲ್ಲಿ ಒಬ್ಬ ಸೈಕಲ್ ಸವಾರ ಪಂಕ್ಚರಾದ ಚಕ್ರ ಹೊತ್ತು ತಂದ. ಬಿಚ್ಚಿ ಸರಿಮಾಡಲು ಗಂಟೆಗಟ್ಟಲೆ ಹಿಡಿಯಿತು, ಅಂಟು ಒಣಗಲು ಒಂದು ರಾತ್ರಿ ಕಾಯಬೇಕಾಯಿತು. ಇದನ್ನು ಸುಲಭವಾಗಿ ಬಿಚ್ಚಿ ಹಾಕುವಂತೆ ಮಾಡಬಾರದೇಕೆ ಎಂಬ ಯೋಚನೆಯಿಂದ 1891ರಲ್ಲಿ ಕಳಚಬಲ್ಲ ಟಯರು ಹುಟ್ಟಿತು. ಜಗತ್ತಿನ ದೊಡ್ಡ ಟಯರು ಕಂಪನಿಗಳಲ್ಲೊಂದು ಟಯರಿನ ಹಾದಿ ಹಿಡಿದದ್ದು ಹೀಗೆ, ಒಂದು ಪಂಕ್ಚರಿನಿಂದ. ಅಲ್ಲಿ ಪಂಕ್ಚರ್ ಹಾಕಿದ ಕೈಗಳಿಗೆ ಬಂಡವಾಳವಿತ್ತು, ಶಾಲೆಯಿತ್ತು, ಮುಂದೆ ದಾರಿಯಿತ್ತು. ಇಲ್ಲಿನ ಕೈಗಳಿಗೆ ಬಾಂಡ್ಲಿ ಇತ್ತು. ಕೊರತೆ ಕೆಲಸದಲ್ಲಿ ಇರಲಿಲ್ಲ.

ಇನ್ನು ನಮ್ಮ ಮನೆಯ ಕೊಳೆಯ ಮಾತು. ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯ ಶಾಲೆಯೊಂದರ ಹಾಜರಿ ಪುಸ್ತಕ ತೆಗೆದು ಮುಸ್ಲಿಂ ಮಕ್ಕಳ ಅಡ್ಡಹೆಸರುಗಳನ್ನು ಓದಿ ನೋಡಿ. ನದಾಫ, ಅತ್ತಾರ, ಬಾಗವಾನ, ಮನಿಯಾರ, ತಾಂಬೋಳಿ, ಮೋಮಿನ. ಹತ್ತಿ ಹಿಂಜುವವರು, ಸುಗಂಧ ಮಾರುವವರು, ತೋಟ ಮತ್ತು ಹಣ್ಣಿನವರು, ಬಳೆಗಾರರು, ವೀಳ್ಯದೆಲೆಯವರು, ನೇಕಾರರು. ಹಾಜರಿ ಕರೆದರೆ ಒಂದು ಸಂತೆಯೇ ‘ಹಾಜರ್’ ಎನ್ನುತ್ತದೆ. ಆದರೆ ಇದೇ ಹೆಸರುಗಳು ನಿಕಾಹದ ಮಾತುಕತೆಗೆ ಬಂದಾಗ ಏನಾಗುತ್ತದೆ? ‘ಹುಡುಗ ಚೆನ್ನಾಗಿ ಓದಿದಾನೆ, ಆದರೆ ಪಿಂಜಾರರವನು’ ಎಂಬ ಪಿಸುಮಾತನ್ನು ನಾವು ನಮ್ಮ ಕಿವಿಯಿಂದಲೇ ಕೇಳಿದ್ದೇವೆ. ಒಂದೇ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಮಾಜಿಗೆ ನಿಲ್ಲುತ್ತೇವೆ, ಸಲಾಂ ಹೇಳಿ ಮುಗಿಸಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಹೆಗಲುಗಳ ಎತ್ತರ ಬೇರೆ ಬೇರೆಯಾಗುತ್ತದೆ. ಸಂಸದರ ಮಾತಿಗೆ ಸಿಟ್ಟಾಗುವ ಹಕ್ಕು ನಮಗೆ ಇದೆ, ಸರಿ. ಆದರೆ ಅವರು ಪುರಭವನದಲ್ಲಿ ಹೇಳಿದ್ದನ್ನು ನಾವು ನಡುಮನೆಯಲ್ಲಿ ಹೇಳುತ್ತ ಬಂದಿದ್ದೇವೆ.

ನಮ್ಮ ಹಿಂದಿನವರು ಹೀಗಿರಲಿಲ್ಲ ಎಂಬುದಕ್ಕೆ ಅವರ ಹೆಸರುಗಳೇ ಸಾಕ್ಷಿ. 922ರಲ್ಲಿ ಬಾಗ್ದಾದಿನಲ್ಲಿ ಪ್ರಾಣ ತೆತ್ತ ಮನ್ಸೂರ್ ಹಲ್ಲಾಜರ ಹೆಸರಿನ ಅರ್ಥ ಹತ್ತಿ ಹಿಂಜುವವ, ಎಂದರೆ ನಮ್ಮ ಮಾತಿನಲ್ಲಿ ಪಿಂಜಾರ. ಫರೀದುದ್ದೀನ್ ಅತ್ತಾರರು ಗಂಧ ಮತ್ತು ಮದ್ದಿನ ಅಂಗಡಿಯವರು. ಅವರಿಗಿಂತಲೂ ಇವತ್ತು ನೆನೆಯಬೇಕಾದವರು ಒಂಬತ್ತನೇ ಶತಮಾನದ ಬಾಗ್ದಾದಿನ ಅಬೂಬಕ್ರ್ ಅಲ್ ಖಸ್ಸಾಫ್. ಹನಫಿ ಪಂಥದ ದೊಡ್ಡ ನ್ಯಾಯಶಾಸ್ತ್ರಜ್ಞರಾದ ಅವರು ತೀರಿಕೊಂಡದ್ದು ಕ್ರಿ.ಶ. 874ರ ಸುಮಾರಿಗೆ. ಖಸ್ಸಾಫ್ ಎಂದರೆ ಚಪ್ಪಲಿ ಹೊಲಿಯುವವ. ಖಲೀಫರ ಆಸ್ಥಾನದ ಪರಿಚಯವಿದ್ದೂ ಅವರು ಚಪ್ಪಲಿ ಹೊಲಿದು ಬದುಕಿದರೆಂದು ಚರಿತ್ರೆ ಹೇಳುತ್ತದೆ. ಅವರು ಬರೆದ ಪ್ರಸಿದ್ಧ ಗ್ರಂಥ ಯಾವ ವಿಷಯದ ಮೇಲೆ ಗೊತ್ತೆ? ವಕ್ಫ್ ಕಾನೂನಿನ ಮೇಲೆ. ವಕ್ಫ್ ಸರಿಯಿದ್ದರೆ ಪಂಕ್ಚರ್ ಹಾಕಬೇಕಿರಲಿಲ್ಲ ಎಂದವರಿಗೂ, ವಕ್ಫ್ ಆಸ್ತಿಯನ್ನು ನುಂಗಿ ನೀರು ಕುಡಿದ ನಮ್ಮ ಮುತವಲ್ಲಿಗಳಿಗೂ ಈ ಹೆಸರು ಒಮ್ಮೆಗೇ ಉತ್ತರ ಕೊಡುತ್ತದೆ. ವಕ್ಫ್‌ನ ನಿಯಮಗಳನ್ನು ತಿದ್ದಿ ಬರೆದುಕೊಟ್ಟವರು ತೇಪೆ ಹಾಕುವ ಕೈಯವರು. ಪ್ರವಾದಿಯವರು(ಸ) ತಮ್ಮ ಚಪ್ಪಲಿಗೆ ತಾವೇ ತೇಪೆ ಹಾಕಿಕೊಳ್ಳುತ್ತಿದ್ದರೆಂದು ಪ್ರತಿ ಮೀಲಾದ್ ಸಭೆಯಲ್ಲಿ ಕಣ್ಣೊರೆಸಿಕೊಂಡು ಕೇಳುತ್ತೇವೆ. ಸಭೆಯ ಹೊರಗೆ ಪರರ ಚಪ್ಪಲಿಗೆ ತೇಪೆ ಹಾಕುತ್ತ ಕೂತವನಿಗೆ ಸಲಾಂ ಹೇಳುವುದಿಲ್ಲ.

ನಾವು ಬೆಳಗ್ಗೆ ಉರ್ದು, ಆಮೇಲೆ ಕನ್ನಡ ಕಲಿತವರು. ಎರಡು ಭಾಷೆಗಳ ನಡುವೆ ಓಡಾಡುವಾಗ ಒಂದು ಪದ ನಮ್ಮನ್ನು ಯಾವಾಗಲೂ ನಿಲ್ಲಿಸುತ್ತದೆ. ಕಸುಬು. ಅರಬಿಯ ಕಸ್ಬ್, ಎಂದರೆ ದುಡಿದು ಗಳಿಸಿದ್ದು, ಕನ್ನಡದ ಬಾಯಲ್ಲಿ ಕಸುಬಾಗಿ ಹಳ್ಳಿಹಳ್ಳಿಯ ಮಾತಾಗಿದೆ. ಅದರ ಪಕ್ಕದಲ್ಲೇ ಹನ್ನೆರಡನೇ ಶತಮಾನದ ಶರಣರು ಕೊಟ್ಟ ಕಾಯಕ ಎಂಬ ಪದವಿದೆ. ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಕಸುಬನ್ನೇ ಹೆಸರಿನ ಮುಂದಿಟ್ಟುಕೊಂಡು ತಲೆಯೆತ್ತಿ ನಡೆದವರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ವಾಪಸು ಸುರಿದು ಬಾ ಎಂದವಳು ಹೆಂಡತಿ ಲಕ್ಕಮ್ಮ. ಈ ಎರಡು ಪದಗಳ ನಾಡಿನಲ್ಲಿ ಒಂದು ಕಸುಬಿನ ಹೆಸರು ಬೈಗುಳವಾಗುತ್ತದೆಂದರೆ, ಕಳೆದುಕೊಂಡವರು ಮುಸ್ಲಿಮರು ಮಾತ್ರವಲ್ಲ.

ಇಲ್ಲಿಯವರೆಗೆ ಓದಿದ ಕೆಲವರಿಗೆ ಖುಷಿಯಾಗಿರಬಹುದು. ‘ಅದನ್ನೇ ನಾವೂ ಹೇಳುವುದು, ಯಾವ ಕೆಲಸವೂ ಕೀಳಲ್ಲ, ಇದ್ದುದರಲ್ಲಿ ಸಂತೋಷ ಕಾಣಬೇಕು’ ಎಂದು ಅವರು ತಲೆಯಾಡಿಸುತ್ತಿರಬಹುದು. ನಮ್ಮ ಜಗಳ ಅವರ ಜೊತೆಗೂ ಇದೆ.

ನಾವು ಈಗ ಮೇಷ್ಟರು. ವರ್ಷಕ್ಕೊಮ್ಮೆಯಾದರೂ ವ್ಯಕ್ತಿತ್ವ ವಿಕಸನದ ತರಬೇತಿಗೆ ಕೂರಬೇಕಾಗುತ್ತದೆ. ಅಲ್ಲಿ ತಪ್ಪದೆ ಬರುವ ಒಂದು ಕತೆಯಿದೆ. ಮೂವರು ಕಲ್ಲುಕುಟಿಗರು. ಏನು ಮಾಡುತ್ತಿದ್ದೀರಿ ಎಂದು ದಾರಿಹೋಕ ಕೇಳಿದ್ದಕ್ಕೆ ಒಬ್ಬ ಕಲ್ಲು ಒಡೆಯುತ್ತಿದ್ದೇನೆ ಎಂದ, ಇನ್ನೊಬ್ಬ ಹೊಟ್ಟೆ ಹೊರೆಯುತ್ತಿದ್ದೇನೆ ಎಂದ, ಮೂರನೆಯವನು ದೇವಸ್ಥಾನ ಕಟ್ಟುತ್ತಿದ್ದೇನೆ ಎಂದ. ನೀವು ಮೂರನೆಯವನಾಗಿ ಎನ್ನುತ್ತಾರೆ ಭಾಷಣಕಾರರು. ಚಪ್ಪಾಳೆ, ಚಹಾ, ಬಿಸ್ಕೆಟ್ಟು. ನಮಗೆ ಈ ಕತೆಯ ಮೇಲೆ ಹಲವು ಪ್ರಶ್ನೆಗಳಿವೆ. ಮೂವರಿಗೂ ಕೂಲಿ ಎಷ್ಟಿತ್ತು? ಎರಡನೆಯವನ ಮನೆಯಲ್ಲಿ ಎಷ್ಟು ಬಾಯಿಗಳಿದ್ದವು? ಕಲ್ಲಿನ ಚೂರು ಕಣ್ಣಿಗೆ ಸಿಡಿದರೆ ಮದ್ದಿನ ಖರ್ಚು ಯಾರದು? ದೇವಸ್ಥಾನ ಮುಗಿದ ಮೇಲೆ ಆ ಮೂರನೆಯವನನ್ನು ಒಳಗೆ ಬಿಟ್ಟರೆ? ನಮ್ಮ ಮಸೀದಿಗಳ ಉದ್ಘಾಟನೆಯ ಕಲ್ಲುಗಳಲ್ಲಿಯೂ ದಾನಿಗಳ ಹೆಸರಿದೆ, ಗಾರೆಯವರ ಹೆಸರಿಲ್ಲ. ದಾರಿಹೋಕನಿಗೆ ಇದಾವುದೂ ಬೇಕಿಲ್ಲ. ಅವನಿಗೆ ಬೇಕಾದದ್ದು ಒಳ್ಳೆಯ ಉತ್ತರ. ಸತ್ಯ ಹೇಳಿದ ಇಬ್ಬರು ಅವನ ಪರೀಕ್ಷೆಯಲ್ಲಿ ಫೇಲಾದರು.

ಇದೇ ಪಾಠದ ಇನ್ನೊಂದು ರೂಪ ನಮ್ಮ ವಾಜ್‌ಗಳಲ್ಲಿದೆ. ರಿಜ್ಕ್ ಬರೆದಿಟ್ಟದ್ದು, ಸಬರ್ ಮಾಡಿ ಎನ್ನುತ್ತಾರೆ. ಹೀಗೆ ಹೇಳುವ ಮೌಲವಿ ಸಾಹೇಬರಿಗೆ ಆ ತಿಂಗಳ ತನಖಾ ಬಂದಿದೆಯೋ ಇಲ್ಲವೋ ಎಂದು ಕಮಿಟಿಯವರು ಕೇಳುವುದಿಲ್ಲ, ಅದು ಬೇರೆ ಮಾತು. ಮೂರನೆಯ ರೂಪ ಹೊಸದು. ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ ಮುಟ್ಟಿಸುತ್ತಾನೆ. ಕಂಪನಿ ಅವನನ್ನು ಕೆಲಸಗಾರ ಎನ್ನುವುದಿಲ್ಲ, ‘ಪಾಲುದಾರ’ ಎನ್ನುತ್ತದೆ. ಪಾಲು ಎಲ್ಲಿದೆ ಎಂದು ಕೇಳಿದರೆ ನಗುತ್ತಾನೆ. ಮಳೆಯಲ್ಲಿ ಬಿದ್ದು ಕೈ ಮುರಿದುಕೊಂಡ ದಿನ ಅವನ ಮೊಬೈಲಿಗೆ ಬಂದದ್ದು ಹುರಿದುಂಬಿಸುವ ಒಂದು ಸಂದೇಶ. 2025ರಲ್ಲಿ ಕರ್ನಾಟಕ ಸರಕಾರ ಇಂಥವರ ಸಾಮಾಜಿಕ ಭದ್ರತೆಗೆ ಕಾಯ್ದೆಯೊಂದನ್ನು ತಂದಿತು. ಆ ಕಾಯ್ದೆ ಬಂದದ್ದು ಈ ಹುಡುಗರು ಧನಾತ್ಮಕವಾಗಿ ಯೋಚಿಸಿದ್ದರಿಂದಲ್ಲ, ಸಂಘ ಕಟ್ಟಿ ಬೀದಿಗಿಳಿದು ಕೇಳಿದ್ದರಿಂದ.

ಅಬ್ಬಾನ ಭಾಷೆಯಲ್ಲಿ ಹೇಳುವುದಾದರೆ ಈ ಮೂವರು ಬೋಧಕರೂ ಟಯರಿನೊಳಗೆ ಬೆರಳಾಡಿಸದವರು. ಮನಸ್ಸಿನ ತೂತು ಕಾಣುತ್ತದೆ, ಪ್ಯಾಚು ಹಾಕುತ್ತಾರೆ. ಮೊಳೆ ಅಲ್ಲೇ ಇರುತ್ತದೆ. ಕಡಿಮೆ ಕೂಲಿ ಒಂದು ಮೊಳೆ, ಅವಮಾನ ಇನ್ನೊಂದು, ಬೇರೆ ದಾರಿಯೇ ಇಲ್ಲದಿರುವುದು ಮೂರನೆಯದು. ಇವನ್ನು ಕೀಳದೆ ‘ಕೆಲಸವನ್ನು ಪ್ರೀತಿಸಿ’ ಎನ್ನುವುದು ಉಪದೇಶವಲ್ಲ, ಮೋಸ.

ಅಬ್ಬಾ ಆ ಕೆಲಸವನ್ನು ಪ್ರೀತಿಸಿದರೆ? ಒಮ್ಮೆ ಕೇಳಿದ್ದೆವು. ಆಗ ಅವರಿಗೆ ವಯಸ್ಸಾಗಿತ್ತು, ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ಹೀಗೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದರು. ‘ಪ್ರೀತಿ ಗೀತಿ ಗೊತ್ತಿಲ್ಲ. ಕೆಲಸ ಸರಿಯಾಯ್ತಾ ಇಲ್ವಾ, ಅದು ಗೊತ್ತಾಗ್ತದೆ. ನೀರಲ್ಲಿ ಮುಳುಗಿಸಿದರೆ ಗುಳ್ಳೆ ಬರಬಾರದು. ಪಾನಿ ಝೂಟ್ ನೈಂ ಬೋಲ್ತಾ.’ ನೀರು ಸುಳ್ಳು ಹೇಳುವುದಿಲ್ಲ. ಮತ್ತೆ ಅದೇ ಉಸಿರಿನಲ್ಲಿ, ‘ನೀವು ಮೂವರೂ ಇದಕ್ಕೆ ಬರಲಿಲ್ಲ, ಅಲ್ಲಾಹನ ಶುಕರ್’ ಎಂದರು.

ಈ ಎರಡು ಮಾತುಗಳ ನಡುವೆ ವಿರೋಧವಿದೆ ಎಂದು ಬಹಳ ಕಾಲ ಅಂದುಕೊಂಡಿದ್ದೆವು. ಈಗ ಹಾಗನಿಸುವುದಿಲ್ಲ. ಒಂದು ಕೆಲಸವನ್ನು ಮರ್ಯಾದೆಯಿಂದ ಮಾಡುವುದು ಬೇರೆ, ಆ ಕೆಲಸ ಮಕ್ಕಳ ಹಣೆಬರಹವಾಗಬಾರದೆಂದು ಬಯಸುವುದು ಬೇರೆ. ಎರಡೂ ಒಬ್ಬನೇ ಮನುಷ್ಯನಲ್ಲಿ ಇರಬಹುದು, ಇರಬೇಕು. ಕೆಲಸವನ್ನು ಗೌರವಿಸಿ ಎನ್ನುತ್ತಲೇ ಆ ಕೆಲಸದಲ್ಲೇ ಇರಿ ಎನ್ನುವವರನ್ನು ನಂಬಬೇಡಿ. ಮಕ್ಕಳನ್ನು ಮೇಲೆ ತರುತ್ತೇವೆ ಎನ್ನುತ್ತಲೇ ತಂದೆಯ ಕೆಲಸವನ್ನು ಉಗಿಯುವವರನ್ನೂ ನಂಬಬೇಡಿ. 2006ರಲ್ಲಿ ಸಾಚಾರ್ ಸಮಿತಿ ತನ್ನ ವರದಿ ಕೊಟ್ಟಾಗ, ಮುಸ್ಲಿಮರಲ್ಲಿ ಸಂಬಳದ ಕೆಲಸದವರು ಕಡಿಮೆ, ಸ್ವಂತ ದುಡಿಮೆಯವರು ಹೆಚ್ಚು ಎಂದು ಅಂಕಿ ಅಂಶ ಸಮೇತ ತೋರಿಸಿತು. ಆ ಸ್ವಂತ ದುಡಿಮೆ ಎಲ್ಲರಿಗೂ ಆಯ್ಕೆಯಾಗಿ ಬಂದದ್ದಲ್ಲ. ಕಚೇರಿಯ ಬಾಗಿಲು ತೆರೆಯದಿದ್ದಾಗ ರಸ್ತೆ ಬದಿ ಉಳಿಯಿತು. ಬಾಗಿಲು ಹಾಕಿದವರೇ ರಸ್ತೆ ಬದಿಯಲ್ಲಿ ಕೂತವನನ್ನು ನೋಡಿ ನಗುತ್ತಾರೆ.

ಕೇಂದ್ರ ಸರಕಾರದ ಕಸುಬುಗಳ ಪಟ್ಟಿಗೂ ಈ ಬಾಂಡ್ಲಿ ಬೀಳಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಕೈಕಸುಬಿನವರಿಗಾಗಿ ಪಿಎಂ ವಿಶ್ವಕರ್ಮ ಯೋಜನೆ ಆರಂಭಿಸಿತು. ಒಳ್ಳೆಯದೇ. ಬಡಗಿ, ಕಮ್ಮಾರ, ಕುಂಬಾರ, ಮೋಚಿ, ಕ್ಷೌರಿಕ, ಅಗಸ, ದರ್ಜಿ, ಬೀಗ ಮಾಡುವವರು, ಮೀನುಬಲೆ ಹೆಣೆಯುವವರು, ಆಯುಧ ಮಾಡುವವರು ಸೇರಿ 18 ಕಸುಬುಗಳು ಅದರಲ್ಲಿದ್ದವು. ಹತ್ತಿ ಹಿಂಜುವವರು ಇರಲಿಲ್ಲ. ಪಂಕ್ಚರ್ ಹಾಕುವವರು ಇರಲಿಲ್ಲ. ಭಾಷಣಕ್ಕೆ ಸಿಗುವ ಪಂಕ್ಚರ್‌ನವನು ಪಟ್ಟಿಗೆ ಸಿಗಲಿಲ್ಲ. ಲಾರಿ ಚಕ್ರಕ್ಕೆ ಗಾಳಿ ತುಂಬುವಾಗ ಲಾಕ್ ರಿಂಗು ಎಗರಿ ಬಡಿದರೆ ಆಳು ಉಳಿಯುವುದಿಲ್ಲ. ಮುಚ್ಚಿದ ಅಂಗಡಿಯಲ್ಲಿ ದಿನವಿಡೀ ಸೊಲ್ಯೂಷನ್ ವಾಸನೆ ಕುಡಿದ ಹುಡುಗರ ತಲೆ ಸಂಜೆಗೆ ಗಿರ್ರೆನ್ನುತ್ತದೆ. ಇವರಲ್ಲಿ ಎಷ್ಟೋ ಜನರ ಕೈಯಲ್ಲಿ ವಿಮೆಯಿಲ್ಲ, ಪೆನ್ಷನ್ ಇಲ್ಲ. ಅನುಕಂಪ ಮಾತ್ರ ಧಾರಾಳ.

ನಮ್ಮವರ ತಪ್ಪನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಚೇರಿಗೆ ಹೋಗುವ ದಾರಿಯುದ್ದಕ್ಕೂ ಒಬ್ಬ ಉದ್ಯೋಗಿ ಮೊಳೆಗಳನ್ನು ಹೆಕ್ಕುತ್ತ ಹೋಗಿ ಕಿಲೋಗಟ್ಟಲೆ ಸಂಗ್ರಹಿಸಿದ ಸುದ್ದಿ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಪಂಕ್ಚರ್ ಅಂಗಡಿಗಳ ಮೇಲೆ ಬೆರಳು ತೋರಿಸಲಾಗಿತ್ತು. ಹಾಗೆ ಮೊಳೆ ಚೆಲ್ಲುವವನು ಯಾರೇ ಆಗಿರಲಿ, ಯಾವ ಧರ್ಮದವನೇ ಆಗಿರಲಿ, ಅವನು ಕಸುಬುದಾರನಲ್ಲ, ಕಳ್ಳ. ಬಡತನ ಅದಕ್ಕೆ ನೆಪವಾಗಲಾರದು. ಮೊಳೆ ಹುಡುಕುತ್ತ ಬೆರಳು ಕೊಯ್ದುಕೊಂಡ ಸಾವಿರಾರು ಮಂದಿಯ ಬೆವರಿಗೆ ಅವನು ಮಾಡುವ ದ್ರೋಹ ಬೇರೆ ಯಾರ ಬೈಗುಳಕ್ಕಿಂತ ದೊಡ್ಡದು. ಕೆಲಸಕ್ಕೆ ಗೌರವ ಕೇಳುವವರು ಕೆಲಸದ ನಿಯತ್ತನ್ನೂ ಕೇಳಬೇಕು.

ಈಗ ಟ್ಯೂಬಿಲ್ಲದ ಟಯರುಗಳು ಬಂದಿವೆ. ಚಕ್ರ ಬಿಚ್ಚುವುದೂ ಬೇಡ, ರಬ್ಬರಿನ ಬತ್ತಿ ತುರುಕಿ ಕತ್ತರಿಸಿದರೆ ಹತ್ತು ನಿಮಿಷದಲ್ಲಿ ಮುಗಿಯಿತು. ಬಾಂಡ್ಲಿಗಳು ಒಂದೊಂದಾಗಿ ಮೂಲೆ ಸೇರುತ್ತಿವೆ. ಈ ಕಸುಬು ಇನ್ನಷ್ಟು ವರ್ಷಗಳಲ್ಲಿ ಅಳಿಯಲೂಬಹುದು. ಅಳಿದರೆ ನಮಗೆ ಅಳು ಬರುವುದಿಲ್ಲ. ಕೆಲಸಗಳು ಬರುತ್ತವೆ, ಹೋಗುತ್ತವೆ. ಆದರೆ ಬೈಗುಳ ಹೊಸ ಕೆಲಸಕ್ಕೆ ಅಂಟಿಕೊಳ್ಳುತ್ತದೆ. ನಾಳೆ ‘ಊಟ ಮುಟ್ಟಿಸುವವನು’ ಎಂಬುದೇ ಬೈಗುಳವಾಗುತ್ತದೆ. ಆದ್ದರಿಂದ ಪ್ರಶ್ನೆ ಪಂಕ್ಚರಿನದಲ್ಲ.

ನಮ್ಮ ಜಮಾತುಗಳಿಗೆ ನಾವು ಕೇಳುವುದು ದೊಡ್ಡದೇನಲ್ಲ. ಮಸೀದಿಯ ನೆಲಕ್ಕೆ ಎರಡನೇ ಸಲ ಗ್ರಾನೈಟು ಹಾಸುವ ಮೊದಲು ಮೊಹಲ್ಲಾದಲ್ಲಿ ಗ್ಯಾರೇಜು, ಪಂಕ್ಚರ್ ಅಂಗಡಿ, ವೆಲ್ಡಿಂಗ್ ಶೆಡ್ಡುಗಳಲ್ಲಿ ದುಡಿಯುವವರ ಒಂದು ಲೆಕ್ಕ ಬರೆದುಕೊಳ್ಳಿ. ಅವರಿಗೊಂದು ಅಪಘಾತ ವಿಮೆ ಮಾಡಿಸಿ. ಅಲ್ಲಿ ಲಿವರು ಹಿಡಿದಿರುವ ಹದಿನಾಲ್ಕು ವರ್ಷದೊಳಗಿನ ಹುಡುಗನನ್ನು ಎಬ್ಬಿಸಿ ಶಾಲೆಗೆ ಕಳಿಸಿ. ಆ ವಯಸ್ಸಿನ ಕೈಗೆ ಕಸುಬೆಂಬ ಮಾತು ಸಲ್ಲದು. ನಿಕಾಹದ ಮಾತುಕತೆಯಲ್ಲಿ ಹುಡುಗನ ಅಜ್ಜ ಏನು ಹಿಂಜುತ್ತಿದ್ದ ಎಂದು ಕೇಳುವುದನ್ನು ನಿಲ್ಲಿಸಿ. ನಮ್ಮ ಇತರ ಓದುಗ ಬಂಧುಗಳಿಗೆ ಕೇಳುವುದು ಇನ್ನೂ ಚಿಕ್ಕದು. ಮುಂದಿನ ಸಲ ನಿಮ್ಮ ಗಾಡಿ ದಾರಿಯಲ್ಲಿ ಕೂತಾಗ, ಬಗ್ಗಿ ಕೆಲಸ ಮಾಡುತ್ತಿರುವವನ ಹೆಸರು ಕೇಳಿ. ಅವನು ಟಯರಿನೊಳಗೆ ಬೆರಳಾಡಿಸುತ್ತಾನೋ ಇಲ್ಲವೋ ನೋಡಿ. ಆಡಿಸಿದರೆ ಹತ್ತು ರೂಪಾಯಿಗೆ ಚೌಕಾಶಿ ಮಾಡಬೇಡಿ.

ಅಬ್ಬಾ ತೀರಿಕೊಂಡು ವರ್ಷಗಳಾದವು. ಬೇವಿನ ಮರ ರಸ್ತೆ ಅಗಲವಾದಾಗ ಹೋಯಿತು. ನಾವು ತುಂಬಿದ ಆ ಅರ್ಜಿಗಳು ಯಾವ ಶಾಲೆಯ ಯಾವ ಕಪಾಟಿನಲ್ಲಿ ಗೆದ್ದಲು ಹಿಡಿದಿವೆಯೋ ಗೊತ್ತಿಲ್ಲ. ಇದ್ದರೂ ಅವನ್ನು ತಿದ್ದಲು ಈಗ ಯಾರೂ ಬಿಡುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ತಂದೆಯ ಉದ್ಯೋಗ: ಪಂಕ್ಚರ್ ಹಾಕುವುದು.